ಬೆಳಗಾವಿಯ ಕಬ್ಬಿಣದ ನೇಗಿಲು ಮತ್ತು ಜಾಹೀರಾತಿನ ಉದಯ

ಜಾಹೀರಾತೆಂಬ ಶಬ್ದವು ಕನ್ನಡಕ್ಕೆ ಹೊರಗಿನಿಂದ ಬಂದುದಾಗಿದೆ. ಬಯಲಿಗೆ ಬಂದುದು, ಎಲ್ಲರ ಕಣ್ಣಿಗೂ ಕಾಣುವಂಥದು ಎಂಬರ್ಥದ ಅರಬ್ಬಿ ಶಬ್ದವೊಂದು ಪಾರಸಿ ದಫ್ತರಗಳ ಮಾರ್ಗವಾಗಿ ಮರಾಠಿಯನ್ನು ಹೊಕ್ಕು, ಅಲ್ಲಿಂದ ಬೆಳಗಾವಿ-ಧಾರವಾಡಗಳ ಕನ್ನಡಕ್ಕೆ ಇಳಿದು, ಕಡೆಗೆ ಇಡಿಯ ನಾಡಿನ ಮಾತಾಯಿತು. ಇದಕ್ಕೆ ಸಮೀಪವಾದ ಸಂಸ್ಕೃತದ 'ವಿಜ್ಞಾಪನ'ವು ಹಿಂದಿಯಲ್ಲಿ ಜಾಹೀರಾತಿನ ಅರ್ಥವನ್ನೇ ತಳೆದು ನಿಂತಿತು. ಕನ್ನಡದಲ್ಲಿಯಾದರೋ ಅದು 'ಬಿನ್ನಪ'ವೆಂಬ ತದ್ಭವದ ನೆರಳಿನಲ್ಲಿಯೇ ಉಳಿದು, ಕಿರಿಯರು ಹಿರಿಯರಲ್ಲಿ, ಗ್ರಂಥಕರ್ತನು ವಾಚಕರಲ್ಲಿ ಮಾಡಿಕೊಳ್ಳುವ ಅರಿಕೆಯೆಂಬ ಅರ್ಥವನ್ನು ಬಿಟ್ಟುಕೊಡಲಿಲ್ಲ. ಈ ಭೇದವು ಕೋಶಕಾರರಿಗೆ ಮಾತ್ರ ಸಂಬಂಧಿಸಿದ್ದೆಂದು ತಿಳಿಯಲಾಗದು. ಬಿನ್ನಪ ಮಾಡುವವನಿಗೆ ಎದುರಿಗಿರುವವನು ಯಾರೆಂಬುದು ಗೊತ್ತಿರುವದು. ಜಾಹೀರಾತು ಹೊರಡಿಸುವವನಿಗೆ ಅದು ಗೊತ್ತಿರದು. ಕಾಣದ ಗ್ರಾಹಕನಿಗೆ, ಕೇಳದೆಯೇ, ಒಂದು ವಸ್ತುವಿನ ಹೆಸರನ್ನು ಹೇಳುವ ಈ ಹೊಸ ವೃತ್ತಿಯು ಬೆಳಗಾವಿಯ ಸೀಮೆಯಲ್ಲಿ ಹೇಗೆ ಹುಟ್ಟಿತು, ಯಾವ ವಸ್ತುವಿನ ನಿಮಿತ್ತವಾಗಿ ಹುಟ್ಟಿತು ಎಂಬುದು ವಿಚಾರಾರ್ಹವಾಗಿದೆ.

ಹೊಗಳಿಕೆಯೆಲ್ಲವೂ ಜಾಹೀರಾತೇ ಎಂದು ಭಾವಿಸಿ, ಶಾಸನಗಳ ಪ್ರಶಸ್ತಿಭಾಗವನ್ನು ಇದರ ಪೂರ್ವಜವೆಂದು ಹೇಳುವ ರೂಢಿಯುಂಟು. ಖಾನಾಪುರ ತಾಲೂಕಿನ ಹಲಸಿಯು ಕದಂಬರ ಕಾಲದ ಪಲಾಶಿಕೆ. ಅಲ್ಲಿ ದೊರೆತ ತಾಮ್ರಪಟಗಳನ್ನು ಫ್ಲೀಟರು ಹತ್ತೊಂಬತ್ತನೆಯ ಶತಮಾನದಲ್ಲಿ ಪ್ರಕಟಿಸಿದರು. ಅವುಗಳಲ್ಲಿ ದೊರೆಗಳ ಕೀರ್ತಿಯೇನೋ ಉಂಟು. ಆದರೆ ತಾಮ್ರಪಟವು ದಾನ ಪಡೆದವನ ಪೆಟ್ಟಿಗೆಯಲ್ಲಿಯೋ ನೆಲದಡಿಯಲ್ಲಿಯೋ ಇರತಕ್ಕ ಹಕ್ಕಿನ ಪತ್ರ. ಅದು ಯಾರಿಗೂ ಏನನ್ನೂ ಮಾರುವದಿಲ್ಲ, ಓದಿದವನಿಂದ ಮರುದಿನ ಯಾವ ಕಾರ್ಯವನ್ನೂ ಬಯಸುವದಿಲ್ಲ. ಇನ್ನು ಡಂಗುರವು ಜಾಹೀರಾತಿಗೆ ಹೆಚ್ಚು ಸಮೀಪವಾದುದು. ಆದರೂ ಡಂಗುರದಲ್ಲಿ ಸಾರಲ್ಪಡುತ್ತಿದ್ದುದು ಸರಕಾರದ ಅಪ್ಪಣೆ, ಊರ ಜಾತ್ರೆ, ಹರಾಜು, ಕಳೆದುಹೋದ ದನ ಮೊದಲಾದವುಗಳೇ ಹೊರತು ಒಬ್ಬ ಕಾರಖಾನೆದಾರನ ಹೆಸರಲ್ಲ.

ಹೆಸರಿಲ್ಲದ ಸರಕಿಗೆ ಜಾಹೀರಾತಿನ ಅವಶ್ಯಕತೆಯೇ ಇಲ್ಲ. ಇದಕ್ಕೆ ಖಾನಾಪುರ ತಾಲೂಕಿನ ನಂದಗಡವು ಒಳ್ಳೆಯ ನಿದರ್ಶನ. 1831ರಲ್ಲಿ ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದ ಸ್ಥಳವೆಂದು ಇಂದು ಪ್ರಸಿದ್ಧವಾಗಿರುವ ಈ ಊರು, ಹತ್ತೊಂಬತ್ತನೆಯ ಶತಮಾನದಲ್ಲಿ ಗೋವೆಗೂ ಬಯಲುಸೀಮೆಗೂ ನಡುವಣ ದೊಡ್ಡ ಪೇಟೆಯಾಗಿತ್ತು. 1884ರಲ್ಲಿ ಹೊರಬಂದ ಮುಂಬಯಿ ಇಲಾಖೆಯ ಗ್ಯಾಸೆಟಿಯರಿನ ಬೆಳಗಾವಿ ಸಂಪುಟವು ಅದರ ವ್ಯಾಪಾರವನ್ನು ವರ್ಣಿಸಿದೆ. ಘಟ್ಟದ ಕೆಳಗಿನಿಂದ ತೆಂಗು, ಅಡಿಕೆ, ಉಪ್ಪು ಮೇಲೇರಿ ಬರುತ್ತಿದ್ದವು. ಮೇಲಿನಿಂದ ಕಾಳುಕಡಿ ಇಳಿದು ಹೋಗುತ್ತಿತ್ತು. ಆದರೆ ತೆಂಗಿನಕಾಯಿಯು ಯಾರ ತೋಟದ್ದಾದರೂ ತೆಂಗಿನಕಾಯಿಯೇ. ಅದನ್ನು ಬಡಿದು ನೋಡಿ, ಉಪ್ಪನ್ನು ನಾಲಗೆಗೆ ಹಚ್ಚಿ ನೋಡಿ, ದಲಾಲನ ಮಾತಿನ ಮೇಲೆ ಕೊಳ್ಳುತ್ತಿದ್ದರು. ನಂಬಿಗೆಯೆಂಬುದು ದಲಾಲನ ಮೇಲಿತ್ತು, ಸರಕಿನ ಮೇಲಲ್ಲ. ಖಾನಾಪುರದ ಕುಂಬಾರರ ಮಾತೂ ಇದೇ. ಅಲ್ಲಿಯ ಮಣ್ಣು ಮಡಕೆಗೂ ಹಂಚಿಗೂ ಹೆಸರಾದುದು. ಖಾದಿ ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆಯ ಕೇಂದ್ರಸಂಸ್ಥೆಯು ಅಲ್ಲಿ ನೆಲೆಗೊಂಡುದಕ್ಕೂ ಆ ಕಸುಬೇ ಕಾರಣ. ಗಡಿಗೆಯನ್ನು ಬೆರಳಿನಿಂದ ಬಡಿದು ನಾದ ಕೇಳಿದವಳಿಗೆ ಮಾಡಿದವನ ಹೆಸರು ಬೇಕಾಗದು. ಇದಕ್ಕೆ ಪ್ರತಿಯಾಗಿ, 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಶನ್ನಿನವರು ಪ್ರಾರಂಭಿಸಿದ ಹಂಚಿನ ಕಾರಖಾನೆಯು ಒಂದೊಂದು ಹಂಚಿನ ಮೈಮೇಲೂ ತನ್ನ ಹೆಸರನ್ನು ಒತ್ತಿಯೇ ಕಳಿಸುತ್ತಿತ್ತು. ಕರ್ನಾಟಕದ ಮಾಡುಗಳ ಮೇಲೆ ಓದುವವರಿಲ್ಲದಿದ್ದರೂ ಕೂತಿದ್ದ ಅಕ್ಷರಗಳು ಅವು. ಸರಕು ತನ್ನ ತಯಾರಕನ ಹೆಸರನ್ನು ಹೊತ್ತು ಹೊರಟಲ್ಲಿಂದಲೇ ಈ ಚರಿತ್ರೆಯು ಪ್ರಾರಂಭವಾಗುತ್ತದೆ.

ಬೆಳಗಾವಿಯಲ್ಲಿ ಹಾಗೆ ಹೊರಟ ಹೆಸರು ಕಿರ್ಲೋಸ್ಕರ. ಆ ಮನೆತನವು ಜಿಲ್ಲೆಯ ಗುರ್ಲಹೊಸೂರಿನದು. 1880ರಲ್ಲಿ ಪುಣೆಯಲ್ಲಿ 'ಸಂಗೀತ ಶಾಕುಂತಲ'ವನ್ನು ರಂಗಕ್ಕೆ ತಂದ ಅಣ್ಣಾಸಾಹೇಬ ಕಿರ್ಲೋಸ್ಕರರೂ, 1869ರಲ್ಲಿ ಜನಿಸಿದ ಲಕ್ಷ್ಮಣರಾವ ಕಿರ್ಲೋಸ್ಕರರೂ ಅದೇ ಊರಿನವರು. ಲಕ್ಷ್ಮಣರಾಯರು ಚಿತ್ರಕಾರರಾಗಬೇಕೆಂದು ಮುಂಬಯಿಯ ಜೆ. ಜೆ. ಕಲಾಶಾಲೆಯನ್ನು ಸೇರಿದರು. ಕೆಲವು ಬಣ್ಣಗಳ ಭೇದವನ್ನು ತಮ್ಮ ಕಣ್ಣು ಗುರುತಿಸದೆಂದು ಅಲ್ಲಿ ತಿಳಿದುಬಂದುದರಿಂದ, ವರ್ಣಚಿತ್ರವನ್ನು ಬಿಟ್ಟು ಯಂತ್ರಗಳ ರೇಖಾಚಿತ್ರವನ್ನು ಕಲಿತು, ವಿಕ್ಟೋರಿಯಾ ಜ್ಯುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಉಪಾಧ್ಯಾಯರಾದರು. ಅದೇ ಕಾಲದಲ್ಲಿ ಮುಂಬಯಿಯಿಂದ ಬೈಸಿಕಲ್ಲುಗಳನ್ನು ಕೊಂಡು ಬೆಳಗಾವಿಗೆ ಕಳಿಸತೊಡಗಿದರು. ಅವರ ಅಣ್ಣ ರಾಮುಅಣ್ಣನವರು ಅವನ್ನು ಇಲ್ಲಿ ಮಾರುತ್ತಿದ್ದರು. ಕಿರ್ಲೋಸ್ಕರ ಬಂಧುಗಳ ಉದ್ಯಮವು ತನ್ನ ಆರಂಭವನ್ನು 1888ರಿಂದ ಎಣಿಸುವದು ಈ ಅಂಗಡಿಯಿಂದಲೇ.

ಒಂದು ಬೈಸಿಕಲ್ಲಿನ ಬೆಲೆಯು ಆಗ 700ರಿಂದ 1000 ರೂಪಾಯಿಗಳವರೆಗೆ ಇತ್ತೆಂದೂ, ಹತ್ತಲು ಕಲಿಸುವದಕ್ಕೆ ರಾಮುಅಣ್ಣನವರು ಹದಿನೈದು ರೂಪಾಯಿ ಪ್ರತ್ಯೇಕವಾಗಿ ತೆಗೆದುಕೊಳ್ಳುತ್ತಿದ್ದರೆಂದೂ ಆ ಮನೆತನದ ವೃತ್ತಾಂತಗಳಲ್ಲಿ ಹೇಳಿದೆ. ಚರಿತ್ರಕಾರರು ಇದನ್ನು ವಿನೋದದ ಸಂಗತಿಯೆಂದು ದಾಟಿಹೋಗುವರು. ವಸ್ತುತಃ ಜಾಹೀರಾತಿನ ತತ್ತ್ವವು ಇಲ್ಲಿಯೇ ಅಡಗಿದೆ. ಎರಡು ಗಾಲಿಯ ಮೇಲೆ ಒಬ್ಬ ಗೃಹಸ್ಥನು ಹಾಡುಹಗಲಲ್ಲಿ ಬೀಳುತ್ತ ಏಳುತ್ತ ಕಲಿಯುವ ನೋಟಕ್ಕಿಂತ ದೊಡ್ಡ ಪ್ರದರ್ಶನವು ಆ ಕಾಲದ ಬೆಳಗಾವಿಗೆ ಬೇರೇನಿದ್ದೀತು? ಕೊಳ್ಳುವವನೇ ಶುಲ್ಕ ಕೊಟ್ಟು ಅಂಗಡಿಯ ಜಾಹೀರಾತಾಗುತ್ತಿದ್ದನು. ದಂಡಿನ ಅಧಿಕಾರಿಗಳೂ ವಕೀಲರೂ ಇದ್ದ ಊರಾದುದರಿಂದ ಇಷ್ಟು ಬೆಲೆಯ ವಸ್ತುವನ್ನು ಕೊಳ್ಳಬಲ್ಲವರು ಅಲ್ಲಿದ್ದರು. ಅವರು ಎಣಿಕೆಗೆ ಸಿಗುವಷ್ಟೇ ಜನ, ಅಂಗಡಿಯವನಿಗೆ ಮುಖಪರಿಚಯವಿದ್ದವರು.

ನೇಗಿಲಿನ ಸಂಗತಿಯೇ ಬೇರೆ. ಮೇಲಧಿಕಾರದ ಸ್ಥಾನವು ತಮಗೆ ತಪ್ಪಿದ ಬಳಿಕ ಲಕ್ಷ್ಮಣರಾಯರು ಮುಂಬಯಿಯ ಕೆಲಸವನ್ನು ಬಿಟ್ಟು ಬೆಳಗಾವಿಗೆ ಬಂದು, ಮೊದಲು ಕಣಿಕೆ ಕತ್ತರಿಸುವ ಯಂತ್ರವನ್ನು, 1903ರ ಸುಮಾರಿಗೆ ಕಬ್ಬಿಣದ ನೇಗಿಲನ್ನು ಮಾಡಿದರು. ಜಿಲ್ಲೆಯ ಪೂರ್ವಭಾಗವು ಎರೆಯ ನೆಲ. ಅಲ್ಲಿ ಕರಿಕೆಯ ಬೇರು ಆಳಕ್ಕಿಳಿದರೆ ಅದನ್ನು ಕಿತ್ತೆಸೆಯಲು ಮರದ ದೊಡ್ಡ ರಂಟೆಗೆ ನಾಲ್ಕಾರು ಜೋಡಿ ಎತ್ತು ಹೂಡಬೇಕಾಗುತ್ತಿತ್ತು. ಇಂಗ್ಲಂಡಿನ ರ‍್ಯಾನ್ಸಮ್ಸ್ ಕಂಪನಿಯ ಕಬ್ಬಿಣದ ನೇಗಿಲುಗಳು ದಖ್ಖನಿಗೆ ಬರುತ್ತಲಿದ್ದರೂ ಅವುಗಳ ಬೆಲೆಯು ಸಾಮಾನ್ಯ ಒಕ್ಕಲಿಗನಿಗೆ ನಿಲುಕುವಂತಿರಲಿಲ್ಲ. ಇಂಥಲ್ಲಿ ಊರಲ್ಲಿಯೇ ಎರಕವಾದ, ಮಣ್ಣನ್ನು ಮಗುಚಿಹಾಕುವ ನೇಗಿಲು ಒಡನೆಯೇ ಮಾರಿಹೋಗಬೇಕಾಗಿತ್ತು. ಹಾಗಾಗಲಿಲ್ಲ. ಮೊದಲ ತಂಡದ ನೇಗಿಲುಗಳು ಮಾರಿಹೋಗುವದಕ್ಕೆ ಎರಡು ವರ್ಷಗಳಷ್ಟು ಕಾಲ ಹಿಡಿಯಿತು. ಕಬ್ಬಿಣವು ಮಣ್ಣಿಗೆ ವಿಷವನ್ನೇರಿಸುವದೆಂಬ ನಂಬಿಗೆಯು ಒಕ್ಕಲಿಗರಲ್ಲಿ ಇದ್ದಿತೆಂದು ಈ ವಿಳಂಬಕ್ಕೆ ಕಾರಣವನ್ನು ಹೇಳುವದುಂಟು.

ಈ ಕಾರಣವು ಸುಳ್ಳಲ್ಲ, ಆದರೆ ಸಾಲದು. ಮರದ ರಂಟೆಗೂ ಕಬ್ಬಿಣದ ಕುಳವಿರುವದೆಂಬುದನ್ನು ಮರೆಯಬಾರದು. ಒಕ್ಕಲಿಗನ ಅಂಜಿಕೆಗೆ ಇನ್ನೊಂದು, ಹೆಚ್ಚು ಗಟ್ಟಿಯಾದ ಆಧಾರವೂ ಇದ್ದಿತು. ಮರದ ನೇಗಿಲು ಮುರಿದರೆ ಊರ ಬಡಿಗನಿದ್ದಾನೆ, ಕುಳ ಸವೆದರೆ ಕಂಬಾರನಿದ್ದಾನೆ. ಸುಗ್ಗಿಯಲ್ಲಿ ಆಯದ ಕಾಳು ಕೊಟ್ಟರೆ ವರ್ಷವೆಲ್ಲ ಅವರ ಕೈಗೆಲಸವು ದೊರೆಯುವದು. ಎರಕದ ನೇಗಿಲಿನ ತುದಿಯು ಬಿರುಕುಬಿಟ್ಟರೆ ಊರಲ್ಲಿ ಯಾರೂ ಅದನ್ನು ಬೆಸೆಯಲಾರರು. ರೊಕ್ಕ ಕೊಟ್ಟು ದೂರದ ಕಾರಖಾನೆಯಿಂದಲೇ ಬಿಡಿಭಾಗವನ್ನು ತರಿಸಬೇಕು, ಅದೂ ಹರಗುವ ಹಂಗಾಮು ಮೀರುವದರೊಳಗೆ. ಹೊಸ ನೇಗಿಲನ್ನು ಕೊಳ್ಳುವದೆಂದರೆ ಆಯಗಾರರ ಸಂಬಂಧವನ್ನು ಬಿಟ್ಟು ಮುಖ ಕಾಣದ ಒಬ್ಬ ತಯಾರಕನ ಮಾತನ್ನು ನಂಬುವದು. ಆ ಕಾರಣದಿಂದ ನೇಗಿಲಿನ ಜಾಹೀರಾತಿಗೆ ಎರಡು ಹೊಣೆಗಳು ಬಿದ್ದವು: ಹೊಲದಲ್ಲಿ ಹೂಡಿ ತೋರಿಸಿ ಕಣ್ಣಿನ ಸಂಶಯವನ್ನು ಕಳೆಯುವದು ಒಂದು, ಹೆಸರನ್ನು ಮತ್ತೆ ಮತ್ತೆ ಕಾಣಿಸಿ, ಈ ತಯಾರಕನು ನಾಳೆಯೂ ಇರುವನೆಂದು ಮನಸ್ಸಿಗೆ ಒಪ್ಪಿಸುವದು ಇನ್ನೊಂದು. ಎರಡನೆಯದು ಕಠಿನವಾದುದು. 1905ರ ಬಳಿಕ ಸ್ವದೇಶಿಯ ಮಾತು ಅದಕ್ಕೆ ದೊಡ್ಡ ಬಲವನ್ನು ಕೊಟ್ಟಿತು. ಆದರೆ ಬಿಡಿಭಾಗದ ಚಿಂತೆಯನ್ನು ದೇಶಭಕ್ತಿಯೊಂದೇ ನೀಗಿಸಲಾರದು.

ಇದೇ ಜಿಲ್ಲೆಯ ಪಶ್ಚಿಮದಲ್ಲಿ, ಮಲಪ್ರಭೆಯು ಹುಟ್ಟುವ ಕಣಕುಂಬಿಯಿಂದ ಖಾನಾಪುರದವರೆಗಿನ ಮಳೆಯ ಸೀಮೆಯಲ್ಲಿ, ಅದೇ ಜಾಹೀರಾತಿಗೆ ಅರ್ಥವೇ ಬೇರೆ. ಭತ್ತದ ಕೆಸರುಗದ್ದೆಗೆ ಒಗ್ಗುವದು ಹೆಗಲ ಮೇಲೆ ಹೊತ್ತು ಬದುವಿನಿಂದ ಬದುವಿಗೆ ಸಾಗಿಸಬಹುದಾದ ಹಗುರ ನೇಗಿಲು. ಕಟ್ಟಿಗೆಗೆ ಅಲ್ಲಿ ಬರವಿಲ್ಲ. ಖಾನಾಪುರದ ಗದ್ದೆಯವನು ಕಬ್ಬಿಣದ ನೇಗಿಲಿಗೆ ಒಲಿಯದಿದ್ದರೆ ಅದನ್ನು ಮೂಢನಂಬಿಗೆಯೆಂದು ಕರೆಯುವದು ನ್ಯಾಯವಲ್ಲ. ಕೊಳ್ಳದವರೆಲ್ಲ ಅಜ್ಞಾನಿಗಳೆಂದು ಬಗೆಯುವದು ಜಾಹೀರಾತುಗಾರರಿಗೆ ಸಹಜ. ಚರಿತ್ರಕಾರರಿಗೆ ಅದು ಸಲ್ಲದು.

ಈ ಬೆಳವಣಿಗೆಯ ಹದವನ್ನು ತಿಳಿಯಲು ಅದೇ ಕಾಲದ ಯುರೋಪದ ಒಂದು ಉದಾಹರಣೆಯನ್ನು ಪಕ್ಕಕ್ಕಿಟ್ಟು ನೋಡಬಹುದು. ಇಟಲಿಯಲ್ಲಿ ಊಟಕ್ಕೆ ಮೊದಲು ಹಸಿವೇರಲೆಂದು ಕುಡಿಯುವ ಕಹಿಯಾದ ಮದ್ಯಗಳುಂಟು. ಅವುಗಳಲ್ಲಿ ಕೆಂಪುಬಣ್ಣದ ಕಾಂಪಾರಿಯನ್ನು 1860ರಲ್ಲಿ ಗಾಸ್ಪಾರೆ ಕಾಂಪಾರಿ ಎಂಬವನು ನೊವಾರಾ ಪಟ್ಟಣದಲ್ಲಿ ಸಿದ್ಧಪಡಿಸಿದನು. 1867ರಲ್ಲಿ ಮಿಲಾನಿನ ಹೊಸ ಗ್ಯಾಲೆರಿಯಲ್ಲಿ ಅವನ ಕಾಫಿ ಅಂಗಡಿಯು ತೆರೆಯಿತು. ಮಗನಾದ ದಾವಿದೆ ಕಾಂಪಾರಿಯು 1904ರಲ್ಲಿ ಸೆಸ್ತೊ ಸಾನ್ ಜೊವಾನ್ನಿಯಲ್ಲಿ ಕಾರಖಾನೆಯನ್ನು ಸ್ಥಾಪಿಸಿದನು. ತನ್ನ ಮದ್ಯವನ್ನು ಕೊಳ್ಳುವ ಅಂಗಡಿಗಳು ಅದರ ಹೆಸರಿನ ಫಲಕವನ್ನು ತೂಗಹಾಕಬೇಕೆಂಬುದು ಅವನ ಕರಾರು. ಬೆಳಗಾವಿಯಲ್ಲಿ ನೇಗಿಲು ಎರಕವಾದ ವರ್ಷಗಳೂ ಇವೇ. ನೇಗಿಲಿನಿಂದ ಆಗುವ ಪ್ರಯೋಜನವನ್ನು ಹೊಲದಲ್ಲಿ ಅಳೆದು ತೋರಿಸಬಹುದು. ಕಹಿ ಮದ್ಯದ ಪ್ರಯೋಜನವನ್ನು ಅಳೆಯುವ ಬಗೆಯೇ ಇಲ್ಲ. ಆದುದರಿಂದ ಕಾಂಪಾರಿಯವರು ಮೊದಲಿನಿಂದಲೂ ಚಿತ್ರಕಾರರ ಮೊರೆಹೊಕ್ಕರು. ಹೋಹೆನ್‌ಸ್ಟೈನ್, ದುದೋವಿಚ್ ಮುಂತಾದವರು ಅವರಿಗಾಗಿ ದೊಡ್ಡ ಕಲ್ಲಚ್ಚಿನ ಭಿತ್ತಿಪತ್ರಗಳನ್ನು ಬರೆದರು. 1921ರಲ್ಲಿ ಲಿಯೊನೆತ್ತೊ ಕಪ್ಪಿಯೆಲ್ಲೊ ಬರೆದ ಚಿತ್ರವು ಇವುಗಳಲ್ಲಿ ಅತ್ಯಂತ ಪ್ರಸಿದ್ಧ: ಕಪ್ಪು ಹಿನ್ನೆಲೆಯಲ್ಲಿ ಕಿತ್ತಿಳೆ ಸಿಪ್ಪೆಯ ಸುರುಳಿಯನ್ನು ಸುತ್ತಿಕೊಂಡು, ಕೈಯಲ್ಲಿ ಸೀಸೆಯನ್ನು ಹಿಡಿದು ಜಿಗಿಯುವ ಕೆಂಪು ವಿದೂಷಕ. ಮದ್ಯದ ರುಚಿಯ ವಿಷಯದಲ್ಲಿ ಆ ಚಿತ್ರವು ಏನನ್ನೂ ಹೇಳುವದಿಲ್ಲ. ಬೀದಿಯಲ್ಲಿ ಹೋಗುವವನ ಕಣ್ಣನ್ನು ಒಂದು ಕ್ಷಣ ಹಿಡಿದು ಹೆಸರನ್ನು ಒಳಗೆ ದಾಟಿಸುವದಷ್ಟೇ ಅದರ ಕೆಲಸ.

ಬಣ್ಣವು ದುಬಾರಿ, ದಿನಪತ್ರಿಕೆಯ ಮಸಿಯಾದರೋ ಕಪ್ಪು. 1920ರ ದಶಕದ ನಡುವಿನಿಂದ ಕಾಂಪಾರಿಗಾಗಿ ದುಡಿದ ಫೊರ್ತುನಾತೊ ದೆಪೆರೊ ಎಂಬ ಭವಿಷ್ಯವಾದಿ ಚಿತ್ರಕಾರನು ಈ ಬಡತನವನ್ನೇ ಗುಣವಾಗಿ ಮಾಡಿಕೊಂಡು, ಕಪ್ಪು-ಬಿಳಿಯ ಕೋನಾಕೃತಿಗಳಿಂದ ಪತ್ರಿಕೆಗಳಲ್ಲಿ ಜಾಹೀರಾತುಗಳನ್ನು ರಚಿಸಿದನು. 1931ರಲ್ಲಿ ಕಾಂಪಾರಿಗೆಂದೇ ಒಂದು ವಿಶೇಷ ಸಂಚಿಕೆಯನ್ನು ಹೊರಡಿಸಿ, ಅದರಲ್ಲಿ ಜಾಹೀರಾತಿನ ಕಲೆಯೇ ಮುಂದಿನ ಕಾಲದ ಕಲೆಯೆಂಬ ಘೋಷಣಾಪತ್ರವನ್ನು ಸೇರಿಸಿದನು. 1932ರಲ್ಲಿ ಬಂದ ಸೋಡಾಮಿಶ್ರಿತ ಕಾಂಪಾರಿಯ ಶಂಕುವಿನಾಕಾರದ ಪುಟ್ಟ ಸೀಸೆಯೂ ಅವನ ಕಲ್ಪನೆಯೇ. ಅದರ ಗಾಜಿನಲ್ಲಿಯೇ ಹೆಸರು ಮೂಡಿದ್ದುದರಿಂದ ಚೀಟಿಯೂ ಬೇಡವಾಯಿತು. ಮಂಗಳೂರ ಹಂಚಿನಲ್ಲಿ ಕಂಡ ಉಪಾಯವನ್ನೇ ಇಲ್ಲಿ ಮತ್ತೆ ಕಾಣಬಹುದು.

ಕಿರ್ಲೋಸ್ಕರರ ಉದ್ಯಮದಲ್ಲಿಯೂ ಚಿತ್ರಕಾರನೇ ಮುಂದಕ್ಕೆ ಬಂದನೆಂಬುದು ಗಮನಿಸತಕ್ಕ ಸಂಗತಿ. ಆದರೆ ಆ ಹೊತ್ತಿಗೆ ಕಾರಖಾನೆಯು ಬೆಳಗಾವಿಯಲ್ಲಿ ಉಳಿದಿರಲಿಲ್ಲ. ಠಳಕವಾಡಿಯ ಹೊಸ ಬಡಾವಣೆಗಾಗಿ ಸ್ಥಳವನ್ನು ತೆರವು ಮಾಡಬೇಕೆಂದು ನಗರಸಭೆಯಿಂದ ಅಪ್ಪಣೆಯಾಯಿತು. ಎಲ್ಲಿಗೆ ಹೋಗಬೇಕೆಂದು ತಿಳಿಯದಿದ್ದ ಲಕ್ಷ್ಮಣರಾಯರಿಗೆ ಔಂಧ ಸಂಸ್ಥಾನದ ಅಧಿಪತಿ ಬಾಳಾಸಾಹೇಬ ಪಂತಪ್ರತಿನಿಧಿಯವರು ಕುಂಡಲರೋಡ ನಿಲ್ದಾಣದ ಬಳಿ ಮೂವತ್ತೆರಡು ಎಕರೆ ಬಂಜರು ನೆಲವನ್ನೂ, ಬಡ್ಡಿಯಿಲ್ಲದ 10,000 ರೂಪಾಯಿ ಸಾಲವನ್ನೂ ಕೊಟ್ಟರು. ಹೀಗೆ 1910ರಲ್ಲಿ ಕಿರ್ಲೋಸ್ಕರವಾಡಿಯು ಹುಟ್ಟಿತು. ಖಾನಾಪುರ, ಬೆಳಗಾವಿಗಳನ್ನು ಹಾಯ್ದು ಮಿರಜಿನತ್ತ ಹೋಗುವ ರೈಲುದಾರಿಯಲ್ಲಿಯೇ ಇನ್ನಷ್ಟು ಉತ್ತರಕ್ಕೆ ಹೋದರೆ ಈ ಊರು ಸಿಗುವದು. ನೆಲ ಕೊಟ್ಟ ದೊರೆಯೂ ಸ್ವತಃ ಚಿತ್ರಕಾರನಾಗಿದ್ದನು. ಬಡಾವಣೆಯ ಕೆಲವು ನಿವೇಶನಗಳಿಗಾಗಿ ಬೆಳಗಾವಿಯು ಒಂದು ಉದ್ಯೋಗನಗರವನ್ನೇ ಬಿಟ್ಟುಕೊಟ್ಟಿತೆಂದರೆ ಅತ್ಯುಕ್ತಿಯಾಗದು.

ಕಿರ್ಲೋಸ್ಕರವಾಡಿಯಲ್ಲಿ ಜಾಹೀರಾತಿನ ಭಾರವನ್ನು ಹೊತ್ತವರು ಲಕ್ಷ್ಮಣರಾಯರ ಅಣ್ಣನ ಮಗ ಶಂಕರರಾವ ಕಿರ್ಲೋಸ್ಕರರು (1891–1975). ಅವರು ಚಿತ್ರಕಲೆಯನ್ನು ಅಭ್ಯಾಸ ಮಾಡಿದವರು. ಲಾಹೋರಿನಲ್ಲಿ ಚಿತ್ರಶಾಲೆಯನ್ನು ನಡೆಸುತ್ತಿದ್ದ, ಮುಂದೆ ವೇದಪಂಡಿತರೆಂದು ಖ್ಯಾತರಾದ ಶ್ರೀಪಾದ ದಾಮೋದರ ಸಾತವಳೇಕರರಲ್ಲಿ ಕಲಿತವರು. 1920ರಲ್ಲಿ ಅವರು 'ಕಿರ್ಲೋಸ್ಕರ ಖಬರ್' ಎಂಬ ಮರಾಠಿ ಪತ್ರಿಕೆಯನ್ನು ಪ್ರಾರಂಭಿಸಿದರು. ಕಾರಖಾನೆಯ ಸರಕು, ಬೆಲೆ, ಬಳಸುವ ಕ್ರಮಗಳನ್ನು ಗ್ರಾಹಕರಿಗೂ ದಲಾಲರಿಗೂ ತಿಳಿಸುವದೇ ಅದರ ಮೊದಲ ಉದ್ದೇಶ. ಒಕ್ಕಲಿಗನ ಹಳೆಯ ಅಂಜಿಕೆಗೆ ಇದೇ ಸರಿಯಾದ ಉತ್ತರವೆಂದು ಹೇಳಬೇಕು. ಭಿತ್ತಿಪತ್ರವು ಹೆಸರನ್ನು ಕೂಗಿ ಸುಮ್ಮನಾಗುವದು. ತಿಂಗಳು ತಿಂಗಳೂ ಮನೆಗೆ ಬರುವ ಪತ್ರಿಕೆಯು ತಯಾರಕನು ತನ್ನ ಸ್ಥಳದಲ್ಲಿಯೇ ಇದ್ದಾನೆ, ಕೇಳಿದುದಕ್ಕೆ ಉತ್ತರ ಕೊಡುತ್ತಾನೆ ಎಂಬುದಕ್ಕೆ ಸಾಕ್ಷಿ.

ಮುಂದಿನದು ಯಾರೂ ಎಣಿಸದ ತಿರುವು. ನೇಗಿಲಿಗಾಗಿ ಹುಟ್ಟಿದ ಪತ್ರಿಕೆಯಲ್ಲಿ ಕಥೆ ಬಂತು, ಪ್ರಬಂಧ ಬಂತು, ಸಮಾಜಸುಧಾರಣೆಯ ವಾದ ಬಂತು. ನೇಗಿಲು ಹಿಂದಿನ ಪುಟಗಳಿಗೆ ಸರಿಯಿತು. ಹೆಸರಿನಲ್ಲಿದ್ದ 'ಖಬರ್' ಎಂಬ ಅರಬ್ಬಿ ಮೂಲದ ಶಬ್ದವೂ ಬಿದ್ದು 'ಕಿರ್ಲೋಸ್ಕರ' ಎಂದಷ್ಟೇ ಉಳಿಯಿತು. 1930ರಲ್ಲಿ 'ಸ್ತ್ರೀ', 1934ರಲ್ಲಿ 'ಮನೋಹರ' ಎಂಬ ಸೋದರಪತ್ರಿಕೆಗಳೂ ಹೊರಟು, ಮಧ್ಯಮವರ್ಗದ ಮರಾಠಿ ವಾಚಕರ ಅಭಿರುಚಿಯನ್ನು ದಶಕಗಳ ಕಾಲ ರೂಪಿಸಿದವು. ಮಿಲಾನಿನಲ್ಲಿ ಕಲೆಗಾರನು ಮದ್ಯದ ಸೇವೆಗೆ ಹೋಗಿ ಜಾಹೀರಾತನ್ನೇ ಕಲೆಯೆಂದು ಸಾರಿದನು. ಕಿರ್ಲೋಸ್ಕರವಾಡಿಯಲ್ಲಿ ಜಾಹೀರಾತು ತನ್ನ ಸರಕನ್ನು ಮರೆತು ಸಾಹಿತ್ಯಪತ್ರಿಕೆಯಾಯಿತು. ಎರಡನೆಯದೇ ಹೆಚ್ಚು ಅಪೂರ್ವವಾದುದು. ಸಾಹಿತ್ಯಚರಿತ್ರೆಯನ್ನು ಬರೆಯುವವರು ಪತ್ರಿಕೆಗಳ ಹುಟ್ಟನ್ನು ವಿದ್ವಾಂಸರ ಸಂಘಗಳಲ್ಲಿಯೂ ರಾಜಕೀಯ ಚಳವಳಿಗಳಲ್ಲಿಯೂ ಹುಡುಕುವರು. ಎರಕದ ಕುಲುಮೆಯ ಬಳಿ ಹುಡುಕುವವರು ವಿರಳ.

ಭಾಷೆಯ ಪ್ರಶ್ನೆಯನ್ನು ಇಲ್ಲಿ ಬಿಡುವಂತಿಲ್ಲ. ಈ ನೇಗಿಲು ಯಾರ ಎರೆಹೊಲಕ್ಕೆ ಹೆಚ್ಚು ಬೇಕಾಗಿದ್ದಿತೋ ಆ ಸವದತ್ತಿ, ಗೋಕಾಕ, ಅಥಣಿಗಳ ಒಕ್ಕಲಿಗನ ಮಾತು ಕನ್ನಡ. ಪತ್ರಿಕೆಯ ಮಾತು ಮರಾಠಿ. ಬೆಳಗಾವಿ ಜಿಲ್ಲೆಯಲ್ಲಿ ಹುಟ್ಟಿದ ಕಲ್ಪನೆಯು ಕನ್ನಡದಲ್ಲಿ ಫಲಿಸದೆ ಹೋದುದಕ್ಕೆ 1910ರ ಸ್ಥಳಾಂತರವು ಒಂದು ಕಾರಣ, ಆ ಕಾಲದ ಶಾಲೆ-ಕಚೇರಿಗಳಲ್ಲಿ ಮರಾಠಿಗಿದ್ದ ಪ್ರಾಬಲ್ಯವು ಇನ್ನೊಂದು. ಕನ್ನಡದಲ್ಲಿ ಇದಕ್ಕೆ ಸಾಟಿಯಾಗಿ ನಿಲ್ಲಬಲ್ಲ ಉದ್ಯಮದ ಹೆಸರು ಹಳೆಯ ಮೈಸೂರಿನಲ್ಲಿ ಮೂಡಿತು: 1916ರಲ್ಲಿ ಸ್ಥಾಪಿತವಾದ ಸರಕಾರೀ ಸಾಬೂನಿನ ಕಾರಖಾನೆಯ ಗಂಧದ ಸಾಬೂನು. ಆನೆಯ ತಲೆ, ಸಿಂಹದ ಮೈಯುಳ್ಳ ಶರಭವು ಅದರ ಲಾಂಛನ. ಆದರೆ ಅಲ್ಲಿ ಹೆಸರಿನ ಹಿಂದೆ ಸಂಸ್ಥಾನದ ಬೊಕ್ಕಸವೇ ಇದ್ದಿತು. ನಂಬಿಗೆಯನ್ನು ಶೂನ್ಯದಿಂದ ಗಳಿಸಬೇಕಾದ ಸಂಕಟವು ಬೆಂಗಳೂರಿನ ಸಾಬೂನಿಗೆ ಬೆಳಗಾವಿಯ ನೇಗಿಲಿಗೆ ಬಂದಷ್ಟು ಬರಲಿಲ್ಲ.

ಬೆಳಗಾವಿಯು ಪ್ರದರ್ಶನವೆಂಬುದನ್ನು ಮತ್ತೆ ದೊಡ್ಡ ಪ್ರಮಾಣದಲ್ಲಿ ಕಂಡುದು 1924ರ ಡಿಸೆಂಬರದಲ್ಲಿ. ಮಹಾತ್ಮಾ ಗಾಂಧಿಯವರು ಅಧ್ಯಕ್ಷತೆ ವಹಿಸಿದ ಏಕಮಾತ್ರ ಕಾಂಗ್ರೆಸ್ ಅಧಿವೇಶನವು ಇಲ್ಲಿ ನೆರೆಯಿತು. ಅಧಿವೇಶನದ ಸ್ಥಳಕ್ಕೆ ವಿಜಯನಗರವೆಂದು ಹೆಸರಿಟ್ಟರು. ಖಾದಿಯ ಪ್ರದರ್ಶನವೂ ಜೊತೆಗಿದ್ದಿತು. ನೂಲುವದನ್ನು ಜನರ ಎದುರಿಗೆ ಮಾಡಿ ತೋರಿಸುವ ಆ ಕ್ರಮಕ್ಕೂ, ಹೊಲದಲ್ಲಿ ನೇಗಿಲು ಹೂಡಿ ತೋರಿಸುವದಕ್ಕೂ ರೀತಿಯಲ್ಲಿ ಸಾಮ್ಯವಿದೆ. ಖಾದಿಯಲ್ಲಿ ಮಾತ್ರ ತಯಾರಕನ ಹೆಸರು ಮತ್ತೆ ಮರೆಯಾಯಿತು. ನೂತವನು ಯಾರಾದರೂ ಖಾದಿಯು ಖಾದಿಯೇ.

ಲಕ್ಷ್ಮಣರಾಯರು 1956ರಲ್ಲಿ ತೀರಿಕೊಂಡರು. 1969ರ ಶತಮಾನೋತ್ಸವಕ್ಕೆ ಅಂಚೆ ಇಲಾಖೆಯು ಅವರ ಚಿತ್ರದ ಚೀಟಿಯನ್ನು ಹೊರಡಿಸಿತು. 1941ರಲ್ಲಿ ಹರಿಹರದ ಮೈಸೂರು ಕಿರ್ಲೋಸ್ಕರ, 1946ರಲ್ಲಿ ಬೆಂಗಳೂರಿನ ಕಿರ್ಲೋಸ್ಕರ ಇಲೆಕ್ಟ್ರಿಕ್ ಸ್ಥಾಪಿತವಾದಾಗ, ಗುರ್ಲಹೊಸೂರಿನ ಹೆಸರು ಬೇರೆ ದಾರಿಯಿಂದ ಕನ್ನಡನಾಡಿಗೆ ತಿರುಗಿ ಬಂತು. ಇನ್ನು ಆ ಹಳೆಯ ಕಾಗದಗಳ ಮಾತು. ಕಾಂಪಾರಿಯ ಭಿತ್ತಿಪತ್ರಗಳಿಗೆ 2010ರಲ್ಲಿ ಸೆಸ್ತೊ ಸಾನ್ ಜೊವಾನ್ನಿಯ ಹಳೆಯ ಕಾರಖಾನೆಯ ಸ್ಥಳದಲ್ಲಿಯೇ ಒಂದು ಸಂಗ್ರಹಾಲಯವು ತೆರೆದಿದೆ. ನೇಗಿಲಿನ ಹಸ್ತಪತ್ರಿಕೆ, ದರಪಟ್ಟಿಗಳನ್ನಾದರೋ ಕೊಂಡವರು ಓದಿ, ಪೊಟ್ಟಣ ಕಟ್ಟಿ, ಒಲೆಗೆ ಹಾಕಿದರು; ಅವುಗಳ ಸ್ವಭಾವವೇ ಅಂಥದು. 2014ರಿಂದ ಅಧಿಕೃತವಾಗಿ ಬೆಳಗಾವಿಯೆನಿಸಿದ ನಗರದ ನಡುಪೇಟೆಯಲ್ಲಿ ಒಂದು ಬೀದಿಗೆ ಕಿರ್ಲೋಸ್ಕರ ರಸ್ತೆಯೆಂಬ ಹೆಸರು ಇಂದಿಗೂ ಇದೆ. ಅದರ ಎರಡೂ ಬದಿಯ ಅಂಗಡಿಗಳ ನೆತ್ತಿಯ ಮೇಲೆ ಮೂರು ಭಾಷೆಗಳ ಫಲಕಗಳು ತೂಗುತ್ತವೆ.